59 ರೂಪಾಯಿಯ ಮೇಲ್: ನಮ್ಮ ಟ್ಯಾಕ್ಸ್ ಆಫೀಸಿನಲ್ಲಿ ಝೋಹೋ

ಮೊದಲೇ ಹೇಳಿಬಿಡುತ್ತೇನೆ. ನಾಲ್ಕೈದು ಜನರ ಆಫೀಸು, ಸ್ವಂತ ಡೊಮೇನಿನ (ವಿಳಾಸದಲ್ಲಿ @ ಆದಮೇಲೆ ಆಫೀಸಿನದ್ದೇ ಹೆಸರು ಇರುವ) ಮೇಲ್ ಬೇಕು, ಎಲ್ಲರ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಅದೇ ಮೇಲ್, ಅದೇ ತಾರೀಕು ಕಾಣಬೇಕು, ಹಾಗಂತ ತಿಂಗಳಿಗೆ ಸಾವಿರಗಟ್ಟಲೆ ಕೊಡೋಕಾಗಲ್ಲ ಅನ್ನುವವರಿಗೆ ಝೋಹೋ ಮೇಲ್‌ನ ‘ಮೇಲ್ ಲೈಟ್’ ಪ್ಲಾನು ಧಾರಾಳವಾಗಿ ಸಾಕು. ಅದೇ ಝೋಹೋದ ಉಚಿತ ಪ್ಲಾನು ಮಾತ್ರ ಸಾಲದು. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಎರಡಕ್ಕೂ ಇರುವ ಅಂತರ ತಲೆಗೆ ತಿಂಗಳಿಗೆ 59 ರೂಪಾಯಿ. ಆ 59 ರೂಪಾಯಿಗೆ ಏನು ಸಿಗುತ್ತದೆ ಅಂತ ಬಿಡಿಸಿ ಬರೆಯಬೇಕು ಅನ್ನಿಸಿತು. ಸಿಗುವ ರಿವ್ಯೂಗಳೆಲ್ಲ ಬೆಂಗಳೂರಿನ ಐಟಿ ಕಂಪನಿಯವರಿಗೆ ಬರೆದ ಹಾಗಿವೆ. ನಮ್ಮಂಥವರ ಕೆಲಸವೇ ಬೇರೆ.

ನಮ್ಮದು ದಾವಣಗೆರೆಯಲ್ಲಿ ಟ್ಯಾಕ್ಸ್ ಆಫೀಸು. ಮಂಡಿಪೇಟೆಯ ಅಂಗಡಿಗಳು, ಎಪಿಎಂಸಿಯ ಮೆಕ್ಕೆಜೋಳದ ವರ್ತಕರು, ಒಂದೆರಡು ಅಕ್ಕಿ ಗಿರಣಿ, ಪಿ.ಜೆ. ಬಡಾವಣೆಯ ಕೆಲವು ಡಾಕ್ಟರುಗಳು, ಇವರೇ ನಮ್ಮ ಪಾರ್ಟಿಗಳು. ಲೆಕ್ಕ ಬರೆಯುವುದು, ರಿಟರ್ನ್ ಹಾಕುವುದು, ನೋಟಿಸಿಗೆ ಉತ್ತರ ಕೊಡುವುದು. ಸರಿಯಾಗಿ ನೋಡಿದರೆ ನಾವು ಮಾರುವುದು ಎರಡೇ ಸಾಮಾನು: ಒಂದು, ತಾರೀಕು ತಪ್ಪದ ಹಾಗೆ ನೋಡಿಕೊಳ್ಳುವುದು. ಇನ್ನೊಂದು, ಇಲಾಖೆಯಿಂದ ಬಂದ ಮೇಲ್ ಯಾರದೋ ಇನ್‌ಬಾಕ್ಸಿನಲ್ಲಿ ಕೊಳೆಯದ ಹಾಗೆ ನೋಡಿಕೊಳ್ಳುವುದು. ಮೇಲ್ ಮತ್ತು ಕ್ಯಾಲೆಂಡರ್ ನಮಗೆ ಶೋಕಿಯಲ್ಲ, ಅಂಗಡಿಯೇ ಅದು.

ಮೊದಲು ನಮ್ಮಲ್ಲಿ ಇದ್ದದ್ದು ವೆಬ್‌ಸೈಟ್ ಮಾಡಿಕೊಟ್ಟವರು ‘ಹೋಸ್ಟಿಂಗ್ ಜೊತೆ ಫ್ರೀ’ ಅಂತ ಕೊಟ್ಟಿದ್ದ ಮೇಲ್. ಪ್ರತಿ ಕಂಪ್ಯೂಟರಿನ ಔಟ್‌ಲುಕ್‌ಗೂ ಅದನ್ನು ಪಾಪ್ ವಿಧಾನದಲ್ಲಿ ಜೋಡಿಸಿ ಹೋಗಿದ್ದರು. ಪಾಪ್ ಅನ್ನೋದು ಹಳೇ ಕಾಲದ ಪದ್ಧತಿ. ಸರ್ವರಿಗೆ ಬಂದ ಮೇಲನ್ನು ಕಂಪ್ಯೂಟರ್ ಇಳಿಸಿಕೊಳ್ಳುತ್ತದೆ. ಬೇರೆ ಸೆಟ್ಟಿಂಗ್ ಹಾಕದಿದ್ದರೆ ಇಳಿಸಿಕೊಂಡ ಮೇಲೆ ಸರ್ವರಿನಿಂದ ಅಳಿಸಿಯೂ ಬಿಡಬಹುದು. ಹೀಗಾಗಿ ಬೆಳಿಗ್ಗೆ ಯಾವ ಕಂಪ್ಯೂಟರ್ ಮೊದಲು ಆನ್ ಆಯಿತೋ ಮೇಲ್ ಅದರ ಪಾಲು. ಎಲ್ಲರಿಗಿಂತ ಬೇಗ ಬರುವವರು ನಮ್ಮ ಹಿರಿಯ ಅಸಿಸ್ಟೆಂಟರು. ಎಲ್ಲ ನೋಟಿಸೂ ಅವರ ಮೇಜಿಗೇ ಬಂದು ಬೀಳುತ್ತಿತ್ತು. ಅವರು ಮಗಳ ಮದುವೆಗೆ ರಜೆ ಹಾಕಿದಾಗ, ಚೌಟ್ರಿಯಲ್ಲಿ ಓಡಾಡುತ್ತಿದ್ದ ಮನುಷ್ಯನಿಗೆ ಫೋನ್ ಮಾಡಿ “ಸರ್, ಕಂಪ್ಯೂಟರ್ ಪಾಸ್‌ವರ್ಡ್ ಏನು?” ಅಂತ ಕೇಳುವ ಪರಿಸ್ಥಿತಿ. ಫೋನಿನಲ್ಲಿ ಮೇಲ್ ನೋಡುವ ಮಾತೇ ಇರಲಿಲ್ಲ.

ಐಮ್ಯಾಪ್ ಇದಕ್ಕೆ ಉಲ್ಟಾ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ಅನ್ನುವವರು ಶುರುಮಾಡಿದ್ದು. ನನ್ನ ಆಫೀಸಿನ ಅರ್ಧ ಜನ ಆಗ ಹುಟ್ಟಿರಲೇ ಇಲ್ಲ. ಇಲ್ಲಿ ಮೇಲ್‌ನ ಅಸಲು ಪ್ರತಿ ಸರ್ವರಿನಲ್ಲೇ ಇರುತ್ತದೆ. ಫೋನು, ಲ್ಯಾಪ್‌ಟಾಪು, ಆಫೀಸಿನ ಕಂಪ್ಯೂಟರು ಎಲ್ಲವೂ ಅದನ್ನೇ ನೋಡುತ್ತವೆ. ಫೋನಿನಲ್ಲಿ ಓದಿದರೆ ಕಂಪ್ಯೂಟರಿನಲ್ಲೂ ಓದಿದ ಗುರುತು. ಕಂಪ್ಯೂಟರಿನಲ್ಲಿ ‘ನೋಟಿಸ್’ ಫೋಲ್ಡರಿಗೆ ಹಾಕಿದರೆ ಫೋನಿನಲ್ಲೂ ಅದೇ ಫೋಲ್ಡರಿನಲ್ಲಿ. ಅಂಗಡಿಗೆ ಕಿರ್ದಿ ಒಂದೇ, ತೆಗೆದು ನೋಡುವವರು ಎಷ್ಟು ಜನವಾದರೂ ಇರಲಿ, ಹಾಗೆ. ಸಿಂಕ್ ಅಂತ ಎಲ್ಲರೂ ದೊಡ್ಡದಾಗಿ ಹೇಳುವುದು ಇಷ್ಟೇ.

ಈಗ ಉಚಿತ ಪ್ಲಾನಿನ ವಿಷಯ. ಝೋಹೋ ಮೇಲ್ ಒಂದು ಡೊಮೇನಿಗೆ ಐದು ಜನರ ತನಕ, ತಲೆಗೆ 5 ಜಿಬಿ, ಬಿಟ್ಟಿ ಕೊಡುತ್ತದೆ. ನಮ್ಮ ಊರಿನ ಎಷ್ಟೋ ಜನ ಇದರ ಮೇಲೇ ನಡೆಸುತ್ತಿದ್ದಾರೆ, ತಪ್ಪೇನಿಲ್ಲ. ಆದರೆ ಆ ಪ್ಲಾನಿನಲ್ಲಿ ಐಮ್ಯಾಪ್ ಇಲ್ಲ, ಪಾಪ್ ಇಲ್ಲ, ಆಕ್ಟಿವ್‌ಸಿಂಕ್ (ಬಂದ ಮೇಲನ್ನು ಕೂಡಲೇ ಫೋನಿಗೆ ತಳ್ಳುವ ಪದ್ಧತಿ, ಮುಂದೆ ಹೇಳುತ್ತೇನೆ) ಕೂಡ ಇಲ್ಲ. ಬ್ರೌಸರಿನಲ್ಲಿ ನೋಡಬೇಕು, ಇಲ್ಲವೇ ಝೋಹೋದ್ದೇ ಆಪಿನಲ್ಲಿ ನೋಡಬೇಕು. ಒಬ್ಬರೇ ಕೂತು ಕೆಲಸ ಮಾಡುವವರಿಗೆ ಇದು ಸಾಕು. ಆದರೆ ಒಬ್ಬರು ಔಟ್‌ಲುಕ್ ಬಿಡಲ್ಲ ಅಂತ ಹಟ ಹಿಡಿದಿದ್ದಾರೆ, ಇನ್ನೊಬ್ಬರು ಐಫೋನಿನ ಮೇಲ್ ಆಪ್ ಬಿಟ್ಟು ಬೇರೆ ತೆಗೆಯುವುದಿಲ್ಲ, ಮತ್ತೊಬ್ಬರಿಗೆ ಥಂಡರ್‌ಬರ್ಡ್ ಇಷ್ಟ, ಇಂಥ ಆಫೀಸಿನಲ್ಲಿ ಉಚಿತ ಪ್ಲಾನು ಮೊದಲ ದಿನವೇ ಕೈ ಎತ್ತುತ್ತದೆ. 59 ರೂಪಾಯಿಯ ಪ್ಲಾನಿನಲ್ಲಿ ಆ ಬಾಗಿಲುಗಳೆಲ್ಲ ತೆರೆಯುತ್ತವೆ. ಜಾಗ ಅದೇ 5 ಜಿಬಿ.

ಇಲ್ಲಿ ಓಟಿಪಿಯ ಕಥೆ ಹೇಳಲೇಬೇಕು, ಏಕೆಂದರೆ ನಮ್ಮ ಕೆಲಸದಲ್ಲಿ ಸಿಂಕ್ ಬೆಲೆ ಗೊತ್ತಾಗುವುದೇ ಅಲ್ಲಿ. ಮೇಲ್ ಐಡಿ ಇಲ್ಲದ ವರ್ತಕರು ತೆರಿಗೆ ಇಲಾಖೆಯ ಪೋರ್ಟಲಿಗೆ ನಮ್ಮ ಆಫೀಸಿನ ವಿಳಾಸವನ್ನೇ ಕೊಟ್ಟಿರುತ್ತಾರೆ. ಅವರದ್ದೇ ಒಂದು ಐಡಿ ಮಾಡಿಸುವುದು ಒಳ್ಳೆಯದು, ಹೇಳಿ ಹೇಳಿ ಸಾಕಾಗಿದೆ, ಅದಿರಲಿ. ಪೋರ್ಟಲಿನಿಂದ ಬರುವ ಓಟಿಪಿಗೆ ಆಯಸ್ಸು ಹತ್ತು-ಹದಿನೈದು ನಿಮಿಷ. ಐಫೋನಿನಲ್ಲಿ ಮೇಲ್ ಖಾತೆಯನ್ನು ಐಮ್ಯಾಪ್ ಮೂಲಕ ಸೇರಿಸಿದರೆ ಬಹುತೇಕ ಖಾತೆಗಳು ‘ಫೆಚ್’ ಲೆಕ್ಕದಲ್ಲಿ ನಡೆಯುತ್ತವೆ. ಅಂದರೆ ಫೋನೇ ಆಗಾಗ ಹೋಗಿ ಮೇಲ್ ಬಂದಿದೆಯಾ ಅಂತ ನೋಡಿ ಬರುತ್ತದೆ. ಸೆಟ್ಟಿಂಗಿನಲ್ಲಿ ಕಾಣುವ ಅತಿ ಕಡಿಮೆ ಅವಧಿ ಎಷ್ಟು ಗೊತ್ತಾ? 15 ನಿಮಿಷ. ಓಟಿಪಿ ಸತ್ತ ಮೇಲೆ ಫೋನು ಟಿಂಗ್ ಅನ್ನುತ್ತದೆ. ಜಿಎಸ್‌ಟಿ ರಿಟರ್ನಿನ ಕೊನೇ ದಿನ, ಪಾರ್ಟಿ ಎದುರಿಗೇ ಕೂತಿದ್ದಾರೆ, ಪೋರ್ಟಲ್ ಮೊದಲೇ ತೆವಳುತ್ತಿದೆ, ಅಂಥ ಹೊತ್ತಿನಲ್ಲಿ ಮೇಲ್ ಆಪ್ ತೆರೆದು ಮತ್ತೆ ಮತ್ತೆ ಕೆಳಗೆ ಎಳೆಯುತ್ತಾ ಕೂರುವುದು ಯಾರಿಗೆ ಬೇಕು?

ಇದಕ್ಕೆ ಮದ್ದು ಆಕ್ಟಿವ್‌ಸಿಂಕ್. ಮೈಕ್ರೋಸಾಫ್ಟ್ ಮಾಡಿದ ಪದ್ಧತಿ, ಝೋಹೋದ ದುಡ್ಡಿನ ಪ್ಲಾನಿನಲ್ಲಿ ಸಿಗುತ್ತದೆ. ಐಫೋನಿನಲ್ಲಿ ಹೊಸ ಖಾತೆ ಸೇರಿಸುವಾಗ ‘ಅದರ್’ ಒತ್ತದೆ ‘ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್’ ಅಂತ ಆರಿಸಬೇಕು. ಝೋಹೋ ಖಾತೆಗೆ ಮೈಕ್ರೋಸಾಫ್ಟ್ ಯಾಕೆ ಅಂತ ಗಾಬರಿ ಬೇಡ. ಸರ್ವರ್ ಕೇಳಿದ ಕಡೆ, ಭಾರತದ ಖಾತೆಯಾದರೆ, ಎಂಸಿಂಕ್ ಡಾಟ್ ಝೋಹೋ ಡಾಟ್ ಇನ್ ಅಂತ ಹಾಕಬೇಕು. ಆಗ ಮೇಲ್ ಬಂದ ಕೂಡಲೇ ಸರ್ವರೇ ಫೋನಿಗೆ ತಳ್ಳುತ್ತದೆ. ಜೊತೆಗೆ ಕ್ಯಾಲೆಂಡರೂ ಕಾಂಟ್ಯಾಕ್ಟೂ ಬರುತ್ತವೆ. ನನ್ನ ಫೋನಿನಲ್ಲಿ ಇದನ್ನು ಹಾಕಿದ ಮೇಲೆ ಓಟಿಪಿಗೆ ಕಾಯುವ ಕೆಲಸ ತಪ್ಪಿತು. ಬರೀ ಇಷ್ಟಕ್ಕೇ 59 ರೂಪಾಯಿ ವಸೂಲು ಅಂತ ನಾನು ಅನ್ನುತ್ತೇನೆ.

ಡಾಟ್ ಇನ್ ಅಂತ ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ನೆಟ್ಟಿನಲ್ಲಿ ಸಿಗುವ ಮಾರ್ಗದರ್ಶಿಗಳಲ್ಲಿ ಹೆಚ್ಚಿನವು ಡಾಟ್ ಕಾಮ್ ಅಂತಲೇ ಹೇಳುತ್ತವೆ. ಭಾರತದಲ್ಲಿ ತೆರೆದ ಖಾತೆಗಳು ಮುಂಬೈ ಮತ್ತು ಚೆನ್ನೈನ ಡೇಟಾ ಸೆಂಟರಿನಲ್ಲಿ ಇರುತ್ತವೆ, ಅವಕ್ಕೆ ಡಾಟ್ ಇನ್ ವಿಳಾಸವೇ ಬೇಕು. ಸ್ವಂತ ಡೊಮೇನಿನ ದುಡ್ಡಿನ ಖಾತೆಗೆ ಐಮ್ಯಾಪ್ ಸರ್ವರ್ ಐಮ್ಯಾಪ್‌ಪ್ರೋ ಡಾಟ್ ಝೋಹೋ ಡಾಟ್ ಇನ್, ಪೋರ್ಟ್ 993. ಅದಕ್ಕೂ ಮೊದಲು ವೆಬ್‌ಮೇಲಿನ ಸೆಟ್ಟಿಂಗಿಗೆ ಹೋಗಿ ಐಮ್ಯಾಪ್ ಆನ್ ಇದೆಯಾ ಅಂತ ನೋಡಿಕೊಳ್ಳಬೇಕು. ಎರಡು ಹಂತದ ಲಾಗಿನ್ ಹಾಕಿದ್ದರೆ (ಹಾಕಲೇಬೇಕು, ಊರವರ ಪ್ಯಾನ್ ಕಾರ್ಡೆಲ್ಲ ಈ ಮೇಲಿನಲ್ಲಿದೆ) ನಿಮ್ಮ ಮಾಮೂಲಿ ಪಾಸ್‌ವರ್ಡು ಔಟ್‌ಲುಕ್‌ನಲ್ಲಿ ನಡೆಯುವುದಿಲ್ಲ. ಆಪಿಗೇ ಅಂತ ಪ್ರತ್ಯೇಕ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಪಾಸ್‌ವರ್ಡ್ ತಪ್ಪು ಅಂತ ಔಟ್‌ಲುಕ್ ಹತ್ತು ಸಲ ಕೇಳುತ್ತಿದ್ದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ.

ಇನ್ನು ಕ್ಯಾಲೆಂಡರ್. ಇದನ್ನು ಸಣ್ಣ ಆಫೀಸಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೇಲ್ ಬಂತು, ಸರಿ ಹೋಯಿತು ಅಂತ ಬಿಟ್ಟುಬಿಡುತ್ತಾರೆ. ನನ್ನ ಕೇಳಿದರೆ ಮೇಲಿಗಿಂತ ಇದೇ ಮುಖ್ಯ.

ನಮ್ಮ ತಿಂಗಳು ಹೇಗಿರುತ್ತದೆ ನೋಡಿ. 7ಕ್ಕೆ ಟಿಡಿಎಸ್ ಕಟ್ಟಬೇಕು. 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ. ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸಣ್ಣ ವರ್ತಕರ ಇನ್‌ವಾಯ್ಸ್ ಏರಿಸಲು 13. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್), ಕರ್ನಾಟಕದ ವೃತ್ತಿ ತೆರಿಗೆಯೂ ಅವತ್ತೇ. ಮೂರು ತಿಂಗಳಿನವರ 3ಬಿ ನಮ್ಮ ರಾಜ್ಯಕ್ಕೆ 22, ಉತ್ತರದ ಕೆಲವು ರಾಜ್ಯಗಳಿಗೆ 24. ಅವರದ್ದೇ ತಿಂಗಳ ಚಲನ್ 25ಕ್ಕೆ. ಇದರ ಮೇಲೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರ ಅಡ್ವಾನ್ಸ್ ಟ್ಯಾಕ್ಸು. ಟಿಡಿಎಸ್‌ನಲ್ಲಿ ಒಂದು ಕೊಕ್ಕೆ ಇದೆ: ಮಾರ್ಚ್ ತಿಂಗಳದ್ದು ಮಾತ್ರ ಏಪ್ರಿಲ್ 7 ಅಲ್ಲ, ಏಪ್ರಿಲ್ 30. ಇದೆಲ್ಲ ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಇರುತ್ತಿತ್ತು. ಆ ಗೋಡೆ ಆಫೀಸಿನಲ್ಲಿ, ನಾನು ಹರಿಹರದಲ್ಲಿ ಪಾರ್ಟಿಯ ಗೋಡೌನಿನಲ್ಲಿ.

ಝೋಹೋ ಕ್ಯಾಲೆಂಡರಿನಲ್ಲಿ ‘ಗಡುವು’ ಅಂತ ಒಂದು, ‘ನೋಟಿಸ್’ ಅಂತ ಒಂದು, ‘ಭೇಟಿ’ ಅಂತ ಒಂದು, ಹೀಗೆ ಮೂರು ಕ್ಯಾಲೆಂಡರ್ ಮಾಡಿ ಎಲ್ಲರಿಗೂ ಹಂಚಿದ್ದೇವೆ. ಹೆಸರುಗಳೆಲ್ಲ ಕನ್ನಡದಲ್ಲೇ ಇವೆ, ಯಾವ ಫೋನಿಗೂ ಅದು ತೊಂದರೆ ಕೊಟ್ಟಿಲ್ಲ. ಪ್ರತಿ ತಿಂಗಳೂ ಬರುವ ಗಡುವನ್ನು ಒಮ್ಮೆ ಹಾಕಿ ‘ಪುನರಾವರ್ತನೆ’ ಕೊಟ್ಟರೆ ಆಯಿತು. ಗಡುವನ್ನು ಯಾವಾಗಲೂ ‘ಇಡೀ ದಿನ’ದ ಕಾರ್ಯಕ್ರಮವಾಗಿ ಹಾಕಿ, ಗಂಟೆ ಹಾಕಬೇಡಿ. ಇಡೀ ದಿನದ್ದಕ್ಕೆ ಬರೀ ತಾರೀಕು ಇರುತ್ತದೆ, ಯಾವ ದೇಶದ ಫೋನಿನಲ್ಲಿ ನೋಡಿದರೂ ತಾರೀಕು ಅದೇ. ಗಂಟೆ ಹಾಕಿದ್ದು ಮಾತ್ರ ಆಯಾ ಊರಿನ ಸಮಯಕ್ಕೆ ಹೊಂದಿಕೊಳ್ಳುತ್ತದೆ. ಅದೂ ಬೇಕು ಅನ್ನಿ. ಅಕ್ಕಿ ಗಿರಣಿಯವರ ಮಗ ದುಬೈನಲ್ಲಿದ್ದಾನೆ. ಬೆಳಿಗ್ಗೆ 10ಕ್ಕೆ ಮೀಟಿಂಗ್ ಅಂತ ಕರೆಯೋಲೆ ಕಳಿಸಿದರೆ ಅವನ ಫೋನಿನಲ್ಲಿ ತಾನಾಗಿ 8:30 ಅಂತ ಕಾಣುತ್ತದೆ. ವಾಟ್ಸಾಪಿನಲ್ಲಿ “ನಿಮ್ ಹತ್ತಾ, ನಮ್ ಹತ್ತಾ ಮೇಡಂ?” ಅಂತ ಬರುತ್ತಿದ್ದ ಪ್ರಶ್ನೆ ನಿಂತಿದೆ.

ಸರ್ಕಾರ ಗಡುವು ಮುಂದೂಡಿದಾಗ ಶುರು ಮಜಾ. 2025ರಲ್ಲಿ ಇನ್‌ಕಮ್ ಟ್ಯಾಕ್ಸ್ ರಿಟರ್ನಿನ ಜುಲೈ 31 ಸೆಪ್ಟೆಂಬರ್ 15ಕ್ಕೆ ಹೋಯಿತು. ಕೊನೇ ಗಳಿಗೆಯಲ್ಲಿ ಮತ್ತೊಂದು ದಿನ ಕೊಟ್ಟು 16 ಮಾಡಿದರು. ಪ್ರತಿ ವರ್ಷ ಮರಳುವ ಕಾರ್ಯಕ್ರಮವನ್ನು ಸರಿಸಿದರೆ ಕ್ಯಾಲೆಂಡರ್ ಒಂದು ಪ್ರಶ್ನೆ ಕೇಳುತ್ತದೆ: ಇದೊಂದಕ್ಕೆ ಮಾತ್ರವಾ, ಇದರ ಮುಂದಿನವಕ್ಕಾ, ಎಲ್ಲಕ್ಕೂನಾ? ನಮ್ಮ ಹೊಸ ಹುಡುಗ ಓದದೇ ‘ಎಲ್ಲಕ್ಕೂ’ ಒತ್ತಿದ. ಮುಂದಿನ ಎಲ್ಲ ವರ್ಷಗಳ ಜುಲೈ 31 ಸೆಪ್ಟೆಂಬರಿಗೆ ಹಾರಿ ಕೂತಿತು. ಇಲ್ಲಿ ಸಿಂಕಿನ ಇನ್ನೊಂದು ಮುಖ ಕಾಣುತ್ತದೆ. ಸರಿಯಾದದ್ದು ಎಷ್ಟು ಬೇಗ ಎಲ್ಲರ ಫೋನಿಗೆ ಹೋಗುತ್ತದೋ ತಪ್ಪೂ ಅಷ್ಟೇ ಬೇಗ ಹೋಗುತ್ತದೆ. ಅವತ್ತಿನಿಂದ ಗಡುವಿನ ಕ್ಯಾಲೆಂಡರನ್ನು ತಿದ್ದುವ ಹಕ್ಕು ನನಗೆ ಮತ್ತು ಹಿರಿಯ ಅಸಿಸ್ಟೆಂಟರಿಗೆ ಮಾತ್ರ. ಉಳಿದವರಿಗೆ ನೋಡುವ ಹಕ್ಕು. ಹಂಚುವಾಗಲೇ ಪ್ರತಿಯೊಬ್ಬರಿಗೂ ಯಾವ ಹಕ್ಕು ಅಂತ ಆರಿಸಬಹುದು. ಹುಡುಗನಿಗೆ ಬೇಜಾರಾಯಿತು, ಒಂದು ಬೆಣ್ಣೆ ದೋಸೆಯಲ್ಲಿ ಸರಿಹೋಯಿತು.

ನೋಟಿಸ್ ಕ್ಯಾಲೆಂಡರಿಗೆ ಮಾತ್ರ ಎಲ್ಲರೂ ಬರೆಯಬಹುದು. ಜಿಎಸ್‌ಟಿಯ ಎಎಸ್‌ಎಂಟಿ-10 (ರಿಟರ್ನಿನಲ್ಲಿ ವ್ಯತ್ಯಾಸ ಕಂಡಾಗ ಕಳಿಸುವ ನೋಟಿಸು) ಬಂತು ಅಂದರೆ ಸಾಮಾನ್ಯವಾಗಿ 30 ದಿನದಲ್ಲಿ ಉತ್ತರ ಕೊಡಬೇಕು. ಮೇಲ್ ಮೊದಲು ನೋಡಿದವರು ಕೂಡಲೇ ಎರಡು ತಾರೀಕು ಹಾಕುತ್ತಾರೆ. ಒಂದು ಕೊನೇ ದಿನ. ಇನ್ನೊಂದು ಅದಕ್ಕೆ ಹತ್ತು ದಿನ ಮೊದಲು, ‘ಪಾರ್ಟಿಯಿಂದ ಬಿಲ್ಲು ತರಿಸು’ ಅಂತ. ಕೊನೇ ದಿನ ಒಂದನ್ನೇ ಹಾಕಿದರೆ ಅವತ್ತಿನ ತನಕ ಯಾರೂ ಅಲ್ಲಾಡುವುದಿಲ್ಲ, ನಮ್ಮ ಜನ ಹಾಗೇ. ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ, ಮುಗಿಯುವ ತಾರೀಕೂ ಇಲ್ಲೇ ಇದೆ. ಸೆಪ್ಟೆಂಬರ್ 30ರ ಆಡಿಟ್ ರಿಪೋರ್ಟಿನ ರಾತ್ರಿ ಡೈರೆಕ್ಟರರ ಡಿಜಿಟಲ್ ಸಹಿ ಸತ್ತಿರುವುದು ಗೊತ್ತಾದರೆ ಏನಾಗುತ್ತದೆ ಅಂತ ಈ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ.

ನೋಟಿಸಿನ ಮೇಲುಗಳಿಗೆ ನಾವು ಗ್ರೂಪ್ ವಿಳಾಸ ಇಟ್ಟಿದ್ದೇವೆ. ಆ ವಿಳಾಸಕ್ಕೆ ಬಂದದ್ದು ಗುಂಪಿನಲ್ಲಿರುವ ಎಲ್ಲರಿಗೂ ಹೋಗುತ್ತದೆ. ಇದರಲ್ಲಿ ಒಂದು ತೊಡಕಿದೆ, ಇದು ಯಾವ ಕಂಪನಿಯ ಗ್ರೂಪಿಗೂ ಇರುವಂಥದ್ದೇ: ಎಲ್ಲರಿಗೂ ಬಂತು ಅಂದರೆ ಯಾರೂ ಮಾಡಲ್ಲ. ಅವನು ಮಾಡ್ತಾನೆ ಬಿಡು ಅಂತ ಇವನು, ಇವನು ಮಾಡ್ತಾನೆ ಅಂತ ಅವನು. ಝೋಹೋದಲ್ಲಿ ಬಂದ ಮೇಲ್‌ನ ಕೆಳಗೇ ಒಳಗಿನವರಿಗಷ್ಟೇ ಕಾಣುವ ಹಾಗೆ ಟಿಪ್ಪಣಿ ಬರೆದು ಒಬ್ಬರನ್ನು ಹೆಸರಿಸಿ ಟ್ಯಾಗ್ ಮಾಡಬಹುದು. ‘ಇದು ನಿನ್ನದು, ಬುಧವಾರದೊಳಗೆ’ ಅಂತ ಬರೆದರೆ ಮುಗಿಯಿತು. ಮೇಲನ್ನು ಫಾರ್ವರ್ಡ್ ಮಾಡಿ, ಅದಕ್ಕೆ ಉತ್ತರ ಬಂದು, ಆ ಉತ್ತರ ಹೋಗಿ ಪಾರ್ಟಿಗೇ ತಲುಪುವ ಅವಾಂತರ ಇಲ್ಲ. ಇದೊಂದು ಸೌಲಭ್ಯವನ್ನು ಜಾಹೀರಾತಿನಲ್ಲಿ ಯಾಕೆ ದೊಡ್ಡದಾಗಿ ಹಾಕಲ್ಲವೋ ನನಗಂತೂ ಅರ್ಥವಾಗಿಲ್ಲ.

ಈಗ ಕಂಪ್ಯೂಟರಿನ ಕಡೆ. ಜನಕ್ಕೆ ಇಲ್ಲೊಂದು ತಪ್ಪು ಕಲ್ಪನೆ ಇದೆ. ಔಟ್‌ಲುಕ್‌ಗೆ ಐಮ್ಯಾಪ್ ಹಾಕಿದೆ, ಆದರೂ ಕ್ಯಾಲೆಂಡರ್ ಬರ್ತಿಲ್ಲ ಅಂತ ದೂರುತ್ತಾರೆ. ಬರಲ್ಲ. ಐಮ್ಯಾಪ್ ಹೊರುವುದು ಮೇಲನ್ನು ಮಾತ್ರ. ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್ ಅಂತ ಬೇರೆ ಪದ್ಧತಿಯೇ ಇದೆ, 2007ರಲ್ಲಿ ಗೊತ್ತುಪಡಿಸಿದ್ದು. ಹಳೇ ಔಟ್‌ಲುಕ್‌ಗೆ ಕ್ಯಾಲ್‌ಡ್ಯಾವ್ ತಾನಾಗಿ ಬರುವುದಿಲ್ಲ, ಬೇರೆ ಜೋಡಣೆ ಹಾಕಿಕೊಳ್ಳಬೇಕು. ಆಂಡ್ರಾಯ್ಡಿಗೂ ಬರುವುದಿಲ್ಲ, ಅಲ್ಲೂ ಬೇರೆ ಆಪು ಬೇಕು. ಐಫೋನಿಗೆ ಬರುತ್ತದೆ. ಥಂಡರ್‌ಬರ್ಡಿಗೂ ಬರುತ್ತದೆ, ಅದು ಪೂರ್ತಿ ಬಿಟ್ಟಿ. ನಮ್ಮ ಆಫೀಸಿನ ಮೇಜಿನ ಕಂಪ್ಯೂಟರುಗಳಲ್ಲಿ ಈಗ ಥಂಡರ್‌ಬರ್ಡ್ ಇದೆ. ನೋಡೋಕೆ ಅಂಥಾ ಚಂದವಿಲ್ಲ, ಆದರೆ ಮೇಲೂ ತಾರೀಕೂ ಒಂದೇ ಕಿಟಕಿಯಲ್ಲಿ ಬರುತ್ತವೆ. ವಿಂಡೋಸ್ ಜೊತೆಗೇ ಬರುತ್ತಿದ್ದ ಪುಟ್ಟ ಮೇಲ್-ಕ್ಯಾಲೆಂಡರ್ ಆಪನ್ನು ಕೆಲವರು ಬಳಸುತ್ತಿದ್ದರು. ಮೈಕ್ರೋಸಾಫ್ಟ್ ಅದನ್ನು 2024ರ ಡಿಸೆಂಬರ್ 31ಕ್ಕೆ ಮುಚ್ಚಿ ಎಲ್ಲರನ್ನೂ ಹೊಸ ಔಟ್‌ಲುಕ್ ಕಡೆ ತಳ್ಳಿತು. ಆ ಹೊಸ ಔಟ್‌ಲುಕ್‌ಗೆ ಬೇರೆ ಕಂಪನಿಯ ಐಮ್ಯಾಪ್ ಖಾತೆ ಸೇರಿಸಿದರೆ ಮೇಲ್‌ಗಳ ಪ್ರತಿ ಮೈಕ್ರೋಸಾಫ್ಟ್‌ನ ಕ್ಲೌಡಿಗೂ ಹೋಗುತ್ತದೆ. ಸೇರಿಸುವಾಗ ಅದು ಹೇಳಿಯೇ ಕೇಳುತ್ತದೆ, ಆದರೆ ಓದುವವರು ಯಾರು? ಪಾರ್ಟಿಗಳ ಲೆಕ್ಕ ಇಟ್ಟುಕೊಂಡಿರುವ ನಮ್ಮಂಥವರು ಆ ‘ಮುಂದುವರಿಸು’ ಒತ್ತುವ ಮೊದಲು ಒಮ್ಮೆ ಓದಿಕೊಳ್ಳಬೇಕು.

ಆಂಡ್ರಾಯ್ಡ್ ಫೋನುಗಳಲ್ಲಿ ಸುಲಭದ ದಾರಿ ಝೋಹೋ ಮೇಲ್ ಆಪನ್ನೇ ಹಾಕಿಕೊಳ್ಳುವುದು. ಅದರೊಳಗೇ ಕ್ಯಾಲೆಂಡರೂ ಇದೆ. ಒಂದು ಮಾತು: ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಿಂದೆ ಓಡುತ್ತಿರುವ ಆಪುಗಳನ್ನೆಲ್ಲ ಕೊಂದು ಹಾಕುವ ಫೋನುಗಳಿವೆ. ಅಂಥದ್ದರಲ್ಲಿ ಆಪು ತೆರೆದಾಗ ಮಾತ್ರ ಮೇಲ್ ದಬದಬ ಅಂತ ಬೀಳುತ್ತದೆ. ಫೋನಿನ ಸೆಟ್ಟಿಂಗಿನಲ್ಲಿ ಆ ಆಪಿನ ಬ್ಯಾಟರಿ ನಿರ್ಬಂಧ ತೆಗೆದು, ‘ಆಟೋಸ್ಟಾರ್ಟ್’ ಅಂತ ಇದ್ದರೆ ಅದನ್ನೂ ಆನ್ ಮಾಡಿ. ಸಿಂಕ್ ಆಗ್ತಿಲ್ಲ ಅಂತ ಮೇಲ್ ಕಂಪನಿಯವರನ್ನು ಬೈಯುವ ಮೊದಲು ಇದನ್ನು ನೋಡಿ.

ಫೋನಿನ ಗೂಗಲ್ ಕ್ಯಾಲೆಂಡರಿನಲ್ಲೇ ಎಲ್ಲ ಬೇಕು ಅನ್ನುವವರಿಗೆ ಇನ್ನೊಂದು ಅಡ್ಡದಾರಿ ಇದೆ. ಝೋಹೋ ಕ್ಯಾಲೆಂಡರಿನ ಲಿಂಕನ್ನು ತೆಗೆದು ಗೂಗಲ್‌ನಲ್ಲಿ ‘ಯುಆರ್‌ಎಲ್‌ನಿಂದ ಸೇರಿಸು’ ಅಂತ ಕೊಡುವುದು. ಕೆಲಸ ಮಾಡುತ್ತದೆ. ಆದರೆ ಹಾಗೆ ಸೇರಿಸಿದ ಕ್ಯಾಲೆಂಡರಿನ ಬದಲಾವಣೆ ಕಾಣಲು 12 ಗಂಟೆ ಆಗಬಹುದು ಅಂತ ಗೂಗಲ್ಲೇ ಹೇಳುತ್ತದೆ. ಹಬ್ಬ-ಹರಿದಿನದ ಪಟ್ಟಿಗೆ ಸರಿ. ಮಧ್ಯಾಹ್ನದ ಹಿಯರಿಂಗನ್ನು ಬೆಳಿಗ್ಗೆ ಮುಂದೂಡಿದರು ಅಂದಾಗ ಸಾಲದು. ಮೇಲಾಗಿ ಅದು ಒಂದೇ ದಿಕ್ಕಿನದು, ಗೂಗಲ್ ಕಡೆಯಿಂದ ತಿದ್ದೋಕಾಗಲ್ಲ.

ಹಳೇ ಕಡೆಯಿಂದ ಹೊಸ ಕಡೆಗೆ ಬರುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದು ಭಾನುವಾರದ ಕೆಲಸ. ಡೊಮೇನ್ ಕೊಂಡ ಕಡೆ ಹೋಗಿ, ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆ ಬದಲಿಸಬೇಕು. ಝೋಹೋದ ಭಾರತದ ಖಾತೆಗೆ ಮೂರು ಸಾಲು, ಆದ್ಯತೆ 10, 20, 50. ಹಳೇ ಕಂಪನಿಯ ಎಂಎಕ್ಸ್ ಸಾಲನ್ನು ಅಳಿಸಿ, ಇಲ್ಲದಿದ್ದರೆ ಅರ್ಧ ಮೇಲ್ ಅತ್ತ, ಅರ್ಧ ಇತ್ತ. ಎಸ್‌ಪಿಎಫ್ ಮತ್ತು ಡಿಕಿಮ್ ಅನ್ನುವ ಎರಡು ದಾಖಲೆಗಳನ್ನು ಮಾತ್ರ ಆಮೇಲೆ ನೋಡೋಣ ಅಂತ ಬಿಡಬೇಡಿ. ಈ ಮೇಲ್ ನಿಜವಾಗಿಯೂ ಈ ಡೊಮೇನಿನವರೇ ಕಳಿಸಿದ್ದು ಅಂತ ಸಾಕ್ಷಿ ಹೇಳುವುದು ಅವು. 2024ರ ಫೆಬ್ರವರಿಯಿಂದ ಗೂಗಲ್ ಈ ವಿಷಯದಲ್ಲಿ ಬಿಗಿ ಮಾಡಿದೆ. ನಮ್ಮ ಪಾರ್ಟಿಗಳಲ್ಲಿ ಬಹಳ ಜನ ಜಿಮೇಲಿನವರು. “ಮೇಡಂ, ನಿಮ್ ಮೇಲ್ ಬಂದೇ ಇಲ್ರೀ” ಅಂತ ಒಬ್ಬರು ಅಂದರೆ ಸ್ಪ್ಯಾಮ್ ಫೋಲ್ಡರ್ ನೋಡಿ ಅನ್ನಬಹುದು, ಊರೆಲ್ಲ ಅಂದರೆ?

ಹಳೇ ಮೇಲುಗಳ ಪೈಕಿ ಸರ್ವರಿನಲ್ಲಿ ಉಳಿದಿದ್ದವು ಝೋಹೋದ ಅಡ್ಮಿನ್ ಪುಟದಿಂದಲೇ ಬಂದವು, ಹಳೇ ಸರ್ವರಿನ ಐಮ್ಯಾಪ್ ವಿವರ ಕೊಟ್ಟರೆ ಅದೇ ಎಳೆದುಕೊಳ್ಳುತ್ತದೆ. ಪಾಪ್‌ನಲ್ಲಿ ಇಳಿದು ಹಿರಿಯರ ಕಂಪ್ಯೂಟರಿನಲ್ಲಿ ಕೂತಿದ್ದವಕ್ಕೆ ಬೇರೆ ದಾರಿ. ಅದೇ ಔಟ್‌ಲುಕ್‌ಗೆ ಹೊಸ ಖಾತೆಯನ್ನು ಐಮ್ಯಾಪ್‌ನಲ್ಲಿ ಸೇರಿಸಿ, ಹಳೇ ಫೋಲ್ಡರಿನಿಂದ ಮೇಲುಗಳನ್ನು ಆರಿಸಿ ಹೊಸ ಫೋಲ್ಡರಿಗೆ ನಕಲು ಮಾಡುವುದು. ಒಂದೊಂದು ವರ್ಷದ್ದಾಗಿ ಮಾಡಿ. ಎಲ್ಲ ಒಟ್ಟಿಗೆ ಹಾಕಿದರೆ ಔಟ್‌ಲುಕ್ ಉಸಿರು ಕಟ್ಟುತ್ತದೆ.

ಡೊಮೇನಿನ ಮೇಲನ್ನು ಉಚಿತ ಜಿಮೇಲಿನೊಳಗೆ ಎಳೆದುಕೊಂಡು ನೋಡುವ ಜುಗಾಡು ಮಾಡಿಕೊಂಡಿರುವವರಿಗೂ ಒಂದು ಮಾತು. ಬೇರೆ ಖಾತೆಗಳಿಂದ ಪಾಪ್ ಮೂಲಕ ಮೇಲ್ ತರುವ ಆ ಸೌಲಭ್ಯವನ್ನು 2026ರಲ್ಲಿ ನಿಲ್ಲಿಸುವುದಾಗಿ ಗೂಗಲ್ ಘೋಷಿಸಿದೆ. ಮೇಲ್ ಕಾಣ್ತಿಲ್ಲ ಅಂತ ಹುಡುಕುತ್ತಿದ್ದರೆ ಕಾರಣ ಅದೇ ಇರಬಹುದು.

ದುಡ್ಡಿನ ಲೆಕ್ಕ. 59ರ ಮೇಲೆ 18% ಜಿಎಸ್‌ಟಿ. ನೋಂದಣಿ ಇರುವವರು ಖಾತೆ ತೆರೆಯುವಾಗಲೇ ಜಿಎಸ್‌ಟಿ ನಂಬರ್ ಹಾಕಿ, ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಇದನ್ನು ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು! ನಮ್ಮ ಹಾಗೆ ಐದು ಜನರಿದ್ದು ಎಲ್ಲರಿಗೂ 59ರದ್ದೇ ತೆಗೆದುಕೊಂಡರೆ ತೆರಿಗೆ ಬಿಟ್ಟು ವರ್ಷಕ್ಕೆ 3,540 ರೂಪಾಯಿ. ಎಲ್ಲರಿಗೂ ಒಂದೇ ಪ್ಲಾನು ಇರಬೇಕು ಅಂತಿಲ್ಲ. ದುಡ್ಡಿನ ಪ್ಲಾನುಗಳನ್ನು ಬೆರೆಸಿಕೊಳ್ಳಬಹುದು. ಸ್ಕ್ಯಾನ್ ಮಾಡಿದ ಬಿಲ್ಲುಗಳೆಲ್ಲ ಬಂದು ಬೀಳುವ ಎರಡು ಖಾತೆಗೆ ನಾವು 10 ಜಿಬಿಯದ್ದು ತೆಗೆದುಕೊಂಡಿದ್ದೇವೆ, ಉಳಿದವರಿಗೆ 5.

ಗೂಗಲ್ ವರ್ಕ್‌ಸ್ಪೇಸ್ ಯಾಕೆ ಬೇಡವಾಯಿತು ಅಂತ ಕೇಳುತ್ತಾರೆ. ಬೇಡ ಅಂತಲ್ಲ. ಅದು ಒಳ್ಳೆಯದೇ. ಆಂಡ್ರಾಯ್ಡ್ ಫೋನಿಗೆ ಖಾತೆ ಸೇರಿಸಿದರೆ ಸಾಕು, ಮೇಲು, ಕ್ಯಾಲೆಂಡರು, ಕಾಂಟ್ಯಾಕ್ಟು ಎಲ್ಲ ತಾನಾಗಿ ಹರಿದು ಬರುತ್ತದೆ, ನಾನು ಮೇಲೆ ಬರೆದ ಅರ್ಧ ತಾಪತ್ರಯ ಅಲ್ಲಿಲ್ಲ. ಹುಡುಕುವುದರಲ್ಲಿ ಜಿಮೇಲಿಗೆ ಸಾಟಿ ಇಲ್ಲ. ಅತಿ ಕಡಿಮೆ ಪ್ಲಾನಿನಲ್ಲೂ ತಲೆಗೆ 30 ಜಿಬಿ ಜಾಗ. ಆದರೆ ದರ ಝೋಹೋದ ದುಪ್ಪಟ್ಟಿಗಿಂತ ಜಾಸ್ತಿ. ಆಫೀಸಿನ ಎಲ್ಲರದ್ದೂ ಆಂಡ್ರಾಯ್ಡೇ, ಫೈಲುಗಳನ್ನೂ ಅಲ್ಲೇ ಇಡುತ್ತೇವೆ ಅನ್ನುವವರು ಕಣ್ಣು ಮುಚ್ಚಿ ಗೂಗಲ್‌ಗೆ ಹೋಗಿ. ಮೈಕ್ರೋಸಾಫ್ಟ್ 365 ಎಕ್ಸೆಲ್ ಬೇಕಾದವರಿಗೆ. ಆದರೆ ಕಂಪ್ಯೂಟರಿಗೆ ಹಾಕಿಕೊಳ್ಳುವ ಎಕ್ಸೆಲ್ ಅದರ ಅತಿ ಕಡಿಮೆ ಬಿಸಿನೆಸ್ ಪ್ಲಾನಿನಲ್ಲಿ ಬರುವುದಿಲ್ಲ, ಅದಕ್ಕೆ ಹೆಚ್ಚಿನ ದರದ ಪ್ಲಾನೇ ತೆಗೆದುಕೊಳ್ಳಬೇಕು. ನಮ್ಮ ಕೆಲಸ ಟ್ಯಾಲಿಯಲ್ಲಿ, ಎಕ್ಸೆಲ್ ಮೊದಲೇ ಕೊಂಡಿದ್ದು ಇದೆ. ನಮಗೆ ಬೇಕಾಗಿದ್ದು ಮೇಲು, ತಾರೀಕು, ಅಷ್ಟೇ.

“ಇದು ಯಾವ ಕಂಪನಿ ರೀ, ಹೆಸರೇ ಕೇಳಿಲ್ಲ” ಅಂತ ಕೇಳುತ್ತಿದ್ದ ಪಾರ್ಟಿಗಳು ಈಗ ಕೇಳುವುದಿಲ್ಲ. 1996ರಲ್ಲಿ ಅಡ್ವೆಂಟ್‌ನೆಟ್ ಅಂತ ಶುರುವಾಗಿ 2009ರಲ್ಲಿ ಝೋಹೋ ಆದ ಚೆನ್ನೈ ಕಂಪನಿ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಮೇಲ್ ಇವರ ವ್ಯವಸ್ಥೆಗೆ ಹೋಗಿದೆ ಅಂತ 2025ರಲ್ಲಿ ಪತ್ರಿಕೆಗಳಲ್ಲಿ ಬಂದ ಮೇಲೆ ಹೆಸರು ಊರಿಗೆಲ್ಲ ಗೊತ್ತಾಯಿತು. ಅದನ್ನು ನೋಡಿ ನಾವು ತೆಗೆದುಕೊಂಡಿದ್ದಲ್ಲ. ಐಮ್ಯಾಪು, ಆಕ್ಟಿವ್‌ಸಿಂಕು, ಹಂಚಿದ ಕ್ಯಾಲೆಂಡರು, ಮೂರೂ ಇಷ್ಟು ಕಡಿಮೆಗೆ ಸಿಗುತ್ತದೆ ಅಂತ ತೆಗೆದುಕೊಂಡಿದ್ದು.

ಕೆಲಸ ಬಿಟ್ಟು ಹೋಗುವವರ ವಿಷಯ ಒಂದು ಉಳಿಯಿತು. ನಮ್ಮ ಕಡೆ ಹುಡುಗರು ಎರಡು ವರ್ಷ ಕಲಿತು ಬೆಂಗಳೂರಿಗೆ ಹೋಗುತ್ತಾರೆ, ಹೋಗಲೂಬೇಕು. ಮೊದಲು ಅವರ ಸ್ವಂತ ಜಿಮೇಲಿನಲ್ಲಿ ಪಾರ್ಟಿಗಳ ಕಾಗದವೆಲ್ಲ ಅವರ ಜೊತೆಗೇ ಹೋಗುತ್ತಿತ್ತು. ಈಗ ಖಾತೆ ಆಫೀಸಿನದು. ಹೋಗುವ ದಿನ ಸಂಜೆ ಅಡ್ಮಿನ್ ಪುಟದಲ್ಲಿ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಿ, ಆಪಿಗೆ ಮಾಡಿಕೊಂಡಿದ್ದ ಪಾಸ್‌ವರ್ಡುಗಳನ್ನೂ ರದ್ದು ಮಾಡಬೇಕು. ಆ ಕೊನೆಯದ್ದನ್ನು ಬಹಳ ಜನ ಬಿಡುತ್ತಾರೆ. ಅದನ್ನು ಬಿಟ್ಟರೆ ಹೋದವರ ಫೋನಿನಲ್ಲಿ ಮೇಲ್ ಬರುತ್ತಲೇ ಇರಬಹುದು. ಆಮೇಲೆ ಅವರಿಗೆ ಬರುವ ಮೇಲನ್ನು ಅವರ ಜಾಗಕ್ಕೆ ಬಂದವರಿಗೆ ತಿರುಗಿಸಿ, ಒಂದೆರಡು ತಿಂಗಳು ಖಾತೆ ಇಟ್ಟುಕೊಂಡು, ಆಮೇಲೆ ಮುಚ್ಚಿ. ಆ ಎರಡು ತಿಂಗಳಿಗೆ ಇನ್ನೊಂದು 118 ರೂಪಾಯಿ, ತೆರಿಗೆ ಬೇರೆ.